ಟಿಕೆಟ್ಟು ಕಿಟಕಿಯಾಚೆ ಹಾರುವುದೇಕೆ?

ಆಷಾಢ ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಿಗೆ ಮಳೆಗಿಂತ ಧಾರಾಳವಾಗಿ ಸಿಗುವುದು ಗಾಳಿ. ಮುಂಗಾರು ತನ್ನ ನೀರನ್ನು ಬಹುಪಾಲು ಪಶ್ಚಿಮ ಘಟ್ಟದಲ್ಲೇ ಸುರಿಸಿ ಹಗುರಾಗಿ ಇತ್ತ ಬೀಸುತ್ತದೆ. ಗಾಳಿಪಟಕ್ಕೆ ಇದೇ ಕಾಲ. ಪೊರಕೆಯಿಂದ ಕಿತ್ತ ಎರಡು ತೆಂಗಿನ ಕಡ್ಡಿ, ಹಳೇ ಪೇಪರು, ಅನ್ನದ ಅಗುಳಿನ ಅಂಟು, ಹರಿದ ಬಟ್ಟೆಯ ಬಾಲಂಗೋಚಿ, ಇಷ್ಟರಲ್ಲೇ ತಯಾರಾಗುವ ಈ ಪಟ, ವಿಮಾನದ ಬಗ್ಗೆ ನಮಗೆಲ್ಲ ಹೇಳಿಕೊಟ್ಟ ಪಾಠವೊಂದನ್ನು ಸುಳ್ಳು ಮಾಡುತ್ತದೆ. ಆ ಪಾಠದ ಪ್ರಕಾರ ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಅಲ್ಲಿ ದಾರಿ ಉದ್ದ. ಮೇಲೆ ಹೋದ ಗಾಳಿ ಕೆಳಗಿನ ಗಾಳಿಯನ್ನು ಹಿಂದಿನ ಅಂಚಿನಲ್ಲಿ ಹೊತ್ತಿಗೆ ಸರಿಯಾಗಿ ಕೂಡಿಕೊಳ್ಳಲು ಓಡಬೇಕು. ಓಡುವ ಗಾಳಿಯಲ್ಲಿ ಒತ್ತಡ ಕಡಿಮೆ, ಹಾಗಾಗಿ ರೆಕ್ಕೆ ಮೇಲೇಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಪಟದ ಕಾಗದಕ್ಕೆ ಮೇಲೂ ಕೆಳಗೂ ಒಂದೇ ಅಳತೆ. ಆದರೂ ಅದು ಏರುತ್ತದೆ.

ಪಟಕ್ಕೆ ಕೆಳಗಿನಿಂದ ಗಾಳಿ ಬಡಿಯುತ್ತದೆ ಅಷ್ಟೇ, ರೆಕ್ಕೆಯ ವಿಷಯವೇ ಬೇರೆ ಎನ್ನುವವರಿದ್ದಾರೆ. ಅವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಮರಗಳತ್ತ ನೋಡಬಹುದು. ಊರೊಳಗಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಊರಿನವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. 2007ರಲ್ಲಿ ಈ ಜಾಗ ಸಮುದಾಯ ಮೀಸಲು ಪ್ರದೇಶವಾಯಿತು. 4ರಿಂದ 6 ಕೆಜಿ ತೂಗುವ ಹೆಜ್ಜಾರ್ಲೆ ಬಿಸಿಲೇರಿದ ಮೇಲೆ, ಕಾದ ನೆಲದಿಂದ ಮೇಲೇಳುವ ಗಾಳಿಯಲ್ಲಿ ರೆಕ್ಕೆ ಬಡಿಯದೆ ಸುತ್ತುತ್ತ ಏರುತ್ತದೆ. ಹಕ್ಕಿಯ ರೆಕ್ಕೆಯ ಬಹುಭಾಗ ತೆಳು, ಒಳಕ್ಕೆ ಬಾಗಿದ ಹಾಳೆಯಂಥದ್ದು. ಮೇಲಿನ ದಾರಿಗೂ ಕೆಳಗಿನ ದಾರಿಗೂ ಅಂಥ ವ್ಯತ್ಯಾಸವೇನೂ ಇರುವುದಿಲ್ಲ. ಜರ್ಮನಿಯ ಓಟೋ ಲಿಲಿಯಂತಾಲ್ ತಮ್ಮೂರಿನ ಬಿಳಿ ಕೊಕ್ಕರೆಗಳನ್ನು ನೋಡಿಯೇ ಈ ಬಾಗಿನ ಬೆನ್ನು ಹತ್ತಿದ್ದು. ಚಪ್ಪಟೆ ಹಲಗೆಗಿಂತ ಬಾಗಿದ ಹಲಗೆಯನ್ನು ಗಾಳಿ ಹೆಚ್ಚು ಎತ್ತುತ್ತದೆ ಎಂದು ಅಳೆದು, 1889ರಲ್ಲಿ ಪುಸ್ತಕವನ್ನೇ ಬರೆದರು. ಇನ್ನು, ಮೇಲೆ ಹೋದ ಗಾಳಿ ಕೆಳಗಿನದನ್ನು ಕೂಡಿಕೊಳ್ಳಬೇಕೆಂಬ ಮಾತಿಗೆ ಆಧಾರವೇ ಇಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಹೋಲ್ಗರ್ ಬಾಬಿನ್ಸ್ಕಿ ರೆಕ್ಕೆಯ ಸುತ್ತ ಹೊಗೆ ಹಾಯಿಸಿ ತೋರಿಸಿದ ಹಾಗೆ, ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ಹಿಂದಿನ ಅಂಚು ದಾಟಿಬಿಡುತ್ತದೆ. ಯಾರೂ ಯಾರಿಗೂ ಕಾಯುವುದಿಲ್ಲ.

ಹಾಗಾದರೆ ಎತ್ತುವುದು ಯಾವುದು? ಗಾಳಿಯ ವೇಗಕ್ಕಿಂತ ಅದರ ತಿರುವನ್ನು ನೋಡಬೇಕು ಎಂಬುದು ಈ ಲೇಖನದ ವಾದ. ಹೊಲ ಕಾಯುವವರು ಕವಣೆ ಬೀಸುವಾಗ ಕಲ್ಲು ಸುತ್ತಬೇಕಾದರೆ ಹಗ್ಗ ಅದನ್ನು ಒಳಕ್ಕೆ ಎಳೆಯುತ್ತಲೇ ಇರಬೇಕು. ಗಾಳಿಗೆ ಹಗ್ಗವಿಲ್ಲ, ಒತ್ತಡವೇ ಅದರ ಹಗ್ಗ. ಗಾಳಿ ಬಾಗಿ ಹರಿಯುತ್ತಿದೆ ಎಂದರೆ ಬಾಗಿನ ಹೊರಗಡೆ ಒತ್ತಡ ಹೆಚ್ಚು, ಒಳಗಡೆ ಕಡಿಮೆ ಎಂದೇ ಅರ್ಥ. ರೆಕ್ಕೆಯ ಬೆನ್ನಿಗೆ ಅಂಟಿ ಇಳಿಜಾರಾಗಿ ಬಾಗುವ ಗಾಳಿ ಬೆನ್ನಿನ ಮೇಲಿನ ಒತ್ತಡವನ್ನು ಇಳಿಸುತ್ತದೆ, ಹೊಟ್ಟೆಯ ಕಡೆ ತಡೆದು ಕೆಳಕ್ಕೆ ತಿರುಗುವ ಗಾಳಿ ಅಲ್ಲಿನ ಒತ್ತಡವನ್ನು ಏರಿಸುತ್ತದೆ. ಒಟ್ಟಿನಲ್ಲಿ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳಿತು, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳಿತು. ಪಟಕ್ಕೂ ಇದೇ ನ್ಯಾಯ. ಬರೀ ಬಡಿತವೇ ಸಾಕಾಗಿದ್ದರೆ ಗಾಳಿಗೆ ನೆಟ್ಟಗೆ ಎದೆಯೊಡ್ಡಿದ ಪಟ ಎಲ್ಲಕ್ಕಿಂತ ಚೆನ್ನಾಗಿ ಏರಬೇಕಿತ್ತು. ಅದು ಹಿಂದಕ್ಕೆ ಜಗ್ಗುತ್ತದೆಯೇ ಹೊರತು ಮೇಲೇಳುವುದಿಲ್ಲ. ಸೂತ್ರ ಕಟ್ಟುವ ಹುಡುಗರು ಮೇಲಿನ ದಾರ, ಕೆಳಗಿನ ದಾರದ ಉದ್ದವನ್ನು ಮತ್ತೆ ಮತ್ತೆ ತಾಳೆ ನೋಡುವುದು ಪಟ ಎಷ್ಟು ವಾಲಿರಬೇಕೆಂಬ ಲೆಕ್ಕಕ್ಕಾಗಿಯೇ. ಆ ವಾಲು ತಪ್ಪಿದರೆ ಗೋತಾ.

ವೇಗದ ಮಾತು ಎಲ್ಲಿ ಎಡವುತ್ತದೆಂದು ತಿಳಿಯಲು ಮದ್ದೂರಿನಿಂದ ಮಂಡ್ಯಕ್ಕೆ ಹೋಗುವ ಬಸ್ಸಿನ ಕಿಟಕಿ ಸಾಕು. ಮುಂದಿನ ಸೀಟಿನವರ ಕೈಯ ಟಿಕೆಟ್ಟು ಹೊರಕ್ಕೆ ಹಾರುತ್ತದೆ, ಪರದೆ ಹೊರಕ್ಕೆ ಉಬ್ಬುತ್ತದೆ. ಹೊರಗೆ ಗಾಳಿ ಜೋರಾಗಿ ಓಡುತ್ತಿದೆ, ಅದಕ್ಕೇ ಅಲ್ಲಿ ಒತ್ತಡ ಕಡಿಮೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ರಸ್ತೆ ಬದಿಯ ಕಬ್ಬಿನ ಗದ್ದೆಯಲ್ಲಿ ನಿಂತವರನ್ನು ಕೇಳಿದರೆ ಗಾಳಿ ನಿಂತೇ ಇದೆ, ಓಡುತ್ತಿರುವುದು ಬಸ್ಸು ಮತ್ತು ಅದರೊಳಗಿನ ಗಾಳಿ. ಅವರ ಲೆಕ್ಕದಲ್ಲಿ ಬಸ್ಸಿನೊಳಗೇ ಒತ್ತಡ ಕಡಿಮೆಯಿದ್ದು ಟಿಕೆಟ್ಟು ಒಳಗೇ ಉಳಿಯಬೇಕು! ಒತ್ತಡ ನೋಡುವವರನ್ನು ನೋಡಿ ಬದಲಾಗುವ ವಸ್ತುವಲ್ಲ. ನಿಜವಾಗಿ ಆಗುವುದಿಷ್ಟು: ಬಸ್ಸಿನ ಮೂತಿ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಆ ಗಾಳಿ ಮುಂದಿನ ಮೂಲೆಯನ್ನು ಬಳಸಿ ಮತ್ತೆ ಹಿಂದಕ್ಕೆ ಬಾಗುತ್ತದೆ. ಆ ಬಾಗಿನ ಒಳಮಗ್ಗುಲಲ್ಲಿ, ಅಂದರೆ ಮುಂದಿನ ಕಿಟಕಿಗಳ ಹತ್ತಿರ, ಒತ್ತಡ ಇಳಿಯುತ್ತದೆ. ಇದರಿಂದ 1738ರಲ್ಲಿ ಪುಸ್ತಕ ಬರೆದ ಡೇನಿಯಲ್ ಬರ್ನೂಲಿ ಸುಳ್ಳು ಹೇಳಿದಂತಾಗಲಿಲ್ಲ. ಒಂದೇ ಹರಿವಿನ ದಾರಿಯಲ್ಲಿ ಒತ್ತಡ ಇಳಿದಲ್ಲಿ ವೇಗ ಏರುತ್ತದೆಂಬ ಅವರ ಮಾತು ಇಂದಿಗೂ ಸರಿ. ಎರಡು ಬೇರೆ ಬೇರೆ ಗಾಳಿಗಳನ್ನು ಹೋಲಿಸಲು ಅದನ್ನು ಬಳಸಿದ್ದು ನಮ್ಮ ಅವಸರ. ಪರೀಕ್ಷೆಗೆ ಒಂದು ಕಾಗದದ ಪಟ್ಟಿ ಸಾಕು. ತುಟಿಯ ಕೆಳಗೆ ಹಿಡಿದು ಜೋಲುಬಿಟ್ಟ ಪಟ್ಟಿಯ ಮೇಲೆ ಊದಿದರೆ ಅದು ಏರುತ್ತದೆ, ಏಕೆಂದರೆ ಉಸಿರು ಅದರ ಬಾಗಿಗೆ ಅಂಟಿ ತಿರುಗುತ್ತದೆ. ಅದೇ ಪಟ್ಟಿಯನ್ನು ನೇರ ಕೆಳಕ್ಕೆ ಇಳಿಬಿಟ್ಟು ಒಂದು ಮಗ್ಗುಲಿನಲ್ಲಷ್ಟೇ ಮೇಲಿನಿಂದ ಊದಿ. ವೇಗ ಅಷ್ಟೇ ಇದ್ದರೂ ಅದು ಉಸಿರಿನ ಕಡೆಗೆ ಸರಿಯುವುದಿಲ್ಲ.

ಇಷ್ಟು ಚರ್ಚೆ ಯಾಕೆ ಎಂದರೆ, ಏಪ್ರಿಲ್, ಮೇ ತಿಂಗಳ ಬಿರುಗಾಳಿಗೆ ಹಾರುವುದು ಕಾಗದವೊಂದೇ ಅಲ್ಲ, ಮನೆಯ, ಆಲೆಮನೆಯ ತಗಡೂ ಹಾರುತ್ತದೆ. ಭಾರತದ ಗಾಳಿ ಮಾನದಂಡದಲ್ಲಿ ಬೆಂಗಳೂರಿಗೂ ಮೈಸೂರಿಗೂ ನಮೂದಾಗಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಸುಮಾರು 119 ಕಿಲೋಮೀಟರ್. ಇವೆರಡರ ನಡುವಿನ ನಮ್ಮ ಬಯಲಿಗೂ ಈ ಅಳತೆಯನ್ನೇ ಇಟ್ಟು ಲೆಕ್ಕ ಹಾಕಿದರೆ ಆ ವೇಗದ ಒತ್ತಡ ಚದರ ಮೀಟರಿಗೆ ಸುಮಾರು 65 ಕೆಜಿ ಭಾರಕ್ಕೆ ಸಮ. ಅರ್ಧ ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡಿನ ತೂಕವೋ ಚದರ ಮೀಟರಿಗೆ ಸುಮಾರು 4 ಕೆಜಿ. ಒಳಗಿನ, ಹೊರಗಿನ ಒತ್ತಡ ಸಮವಾಗಲೆಂದು ಗಾಳಿ ಬಂದಾಗ ಕಿಟಕಿ ತೆರೆದಿಡಬೇಕೆಂಬ ನಂಬಿಕೆ ಕೆಲವರಿಗಿದೆ. ಗಾಳಿ ಬೀಸುವ ಕಡೆಯ ಕಿಟಕಿ ತೆರೆದು, ಎದುರಿನದು ಮುಚ್ಚಿದ್ದರೆ ಒಳಬಂದ ಗಾಳಿಗೆ ಹೋಗಲು ದಾರಿಯಿಲ್ಲದೆ ಒತ್ತಡ ಏರಿ, ಚಾವಣಿಯ ಮೇಲೆ ಬಾಗಿ ಹರಿಯುವ ಗಾಳಿಯ ಎಳೆತಕ್ಕೆ ಒಳಗಿನ ತಳ್ಳುವಿಕೆಯೂ ಸೇರಿಕೊಳ್ಳುತ್ತದೆ. ಒಂದು ಬದಿ ತೆರೆದಿರುವ ಆಲೆಮನೆಯ ಪಾಡೂ ಅದೇ. ಬೀಸುವ ಕಡೆಯ ಕಿಟಕಿ, ಬಾಗಿಲು ಮುಚ್ಚುವುದೇ ಸರಿ. ಗಾಳಿ ಅತಿ ಹೆಚ್ಚು ತಿರುಗುವುದು ಚಾವಣಿಯ ಅಂಚು, ಮೂಲೆಗಳಲ್ಲಿ, ಎಳೆತವೂ ಅಲ್ಲೇ ಹೆಚ್ಚು. ಅದಕ್ಕೇ ಮಾನದಂಡ ಅಂಚಿಗೂ ಮೂಲೆಗೂ ಹೆಚ್ಚಿನ ಲೆಕ್ಕ ಹಿಡಿಯುತ್ತದೆ. ತಗಡಿನ ನಡುವೆ ಹೇರುವ ಕಲ್ಲಿಗಿಂತ ಅಂಚಿನಲ್ಲಿ ಒತ್ತೊತ್ತಾಗಿ ಹಾಕಿಸಿದ ನಾಲ್ಕು ಬೋಲ್ಟು ಹೆಚ್ಚು ಕೆಲಸಕ್ಕೆ ಬರುತ್ತವೆ.