ಮನೆಯಲ್ಲಿ ಹಣ ಕೇಳುವ ಮುನ್ನ ಶಾಕ್ ಒತ್ತಿ ನೋಡಿ

ಹಿಂದೆ, ಮುಂದೆ ಎರಡೂ ಕಡೆ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ ನಮ್ಮಲ್ಲಿ ಅನೇಕರ ಆಸೆ. ಬೆಟ್ಟದ ಕಾಲುದಾರಿಗೆಂದೇ ತಯಾರಾಗುವ ಇಂಥ ‘ಟ್ರೇಲ್ ಬೈಕ್’ಗಳ ಬೆಲೆ ಬಹಳ ಹೆಚ್ಚು. ಆದ್ದರಿಂದ ಅಂಗಡಿಯಲ್ಲೇ ಪರೀಕ್ಷಿಸಲು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ತಿಳಿಸುತ್ತೇನೆ.

ಶಾಕ್ ಇರುವುದು ಮೈಗೆ ಸುಖ ಕೊಡಲು ಮಾತ್ರವಲ್ಲ. ಕಲ್ಲು, ಬೇರುಗಳ ಮೇಲೆ ಹೋಗುವಾಗ ಟೈರು ನೆಲ ಬಿಟ್ಟರೆ ಬ್ರೇಕ್ ಹಿಡಿಯುವುದಿಲ್ಲ, ತಿರುವಿನಲ್ಲಿ ಹಿಡಿತವೂ ಇರುವುದಿಲ್ಲ. ಟೈರನ್ನು ನೆಲಕ್ಕೆ ತಾಗಿಸಿಡುವುದೇ ಅದರ ಮುಖ್ಯ ಕೆಲಸ.

ಮೊದಲು, ಸೀಟಿನ ಮೇಲೆ ಕುಳಿತುಕೊಳ್ಳಿ. ಹಿಂದಿನ ಶಾಕ್ ಸುಮಾರು ಶೇ. 30ರಷ್ಟು ತಗ್ಗಬೇಕು. ಅಂದರೆ 50 ಮಿ.ಮೀ. ಚಲಿಸುವ ಶಾಕ್ 15 ಮಿ.ಮೀ. ಇಳಿಯಬೇಕು. ಗುಂಡಿ ಸಿಕ್ಕಾಗ ಚಕ್ರ ಕೆಳಗಿಳಿಯಲು ಈ ಅವಕಾಶ ಬೇಕೇ ಬೇಕು. ಗಾಳಿಯ ಶಾಕ್ ಆದರೆ ಒತ್ತಡ ಹೆಚ್ಚು ಕಡಿಮೆ ಮಾಡಿ ಇದನ್ನು ಹೊಂದಿಸಬಹುದು.

ಎರಡನೆಯದಾಗಿ, ಸೀಟನ್ನು ಬಲವಾಗಿ ಒತ್ತಿ ಬಿಡಿ. ಅದು ಮೇಲೆದ್ದು ಬೇಗನೆ ನಿಲ್ಲಬೇಕು. ಮತ್ತೆ ಮತ್ತೆ ಕುಣಿದರೆ ಒಳಗೆ ಡ್ಯಾಂಪಿಂಗ್ ಸಾಲದು ಎಂದರ್ಥ. ಬರೀ ಸ್ಪ್ರಿಂಗ್ ಇರುವ ಅಗ್ಗದ ಸೈಕಲ್‌ಗಳು ಹೆಚ್ಚಾಗಿ ಇಲ್ಲೇ ಸಿಕ್ಕಿಬೀಳುತ್ತವೆ. ಪೆಡಲ್ ತುಳಿದ ಶಕ್ತಿಯಲ್ಲೂ ಒಂದಷ್ಟು ಆ ಕುಣಿತದಲ್ಲೇ ಪೋಲಾಗುತ್ತದೆ.

ಮೂರನೆಯದಾಗಿ, ಸೀಟು ಹಿಡಿದು ಹಿಂಭಾಗವನ್ನು ಮೆಲ್ಲಗೆ ಎತ್ತಿ. ‘ಟಕ್’ ಎಂದರೆ ಕೀಲುಗಳ ಬೇರಿಂಗ್ ಸವೆದಿರಬಹುದು, ಬೋಲ್ಟ್ ಸಡಿಲವಾಗಿರಬಹುದು. ಹಳೆಯ ಸೈಕಲ್ ಕೊಳ್ಳುವವರು ಇದನ್ನು ಮರೆಯಬಾರದು.

ಡಾಂಬರು ರಸ್ತೆಯಲ್ಲಿ ಕಾಲೇಜಿಗೆ ಬರುವವರಿಗೆ ಹಿಂದಿನ ಶಾಕ್ ಬೇಕಾಗಿಲ್ಲ. ಅದರಿಂದ ಭಾರವೂ ರಿಪೇರಿಯೂ ಹೆಚ್ಚು. ಉಳಿದ ಹಣದಲ್ಲಿ ಒಳ್ಳೆಯ ಬ್ರೇಕ್ ಇರುವ ಸಾದಾ ಸೈಕಲ್, ಜೊತೆಗೊಂದು ಹೆಲ್ಮೆಟ್ ಕೊಳ್ಳಿ ಎಂಬುದೇ ನನ್ನ ಸಲಹೆ.