ಅಮೆರಿಕಾದಲ್ಲಿ ಇಂಜಿನಿಯರಿಂಗ್ ವ್ಯಾಸಂಗ: ಆಯ್ಕೆ ಹೇಗೆ?

ಮಗನೋ ಮಗಳೋ ಇಂಜಿನಿಯರಿಂಗ್ ಪದವಿ ಮುಗಿಸಿ, ಮೇಲಿನ ವ್ಯಾಸಂಗಕ್ಕೆಂದು ಅಮೆರಿಕಾಕ್ಕೆ ಅರ್ಜಿ ಹಾಕಿ, ಎರಡು ಮೂರು ವಿಶ್ವವಿದ್ಯಾನಿಲಯಗಳಿಂದ ಪ್ರವೇಶಪತ್ರ ಬಂದಿತೆನ್ನಿ. ಸಂತೋಷದ ಬೆನ್ನಿಗೇ ಮನೆಯಲ್ಲಿ ಚರ್ಚೆ ಮೊದಲಾಗುತ್ತದೆ: “ಯಾವುದು ದೊಡ್ಡದು?” ಈ ಪ್ರಶ್ನೆಗಿಂತ “ನಮ್ಮ ಮಗುವಿಗೆ ಯಾವುದು ತಕ್ಕದ್ದು?” ಎಂಬ ಪ್ರಶ್ನೆಯೇ ಮೇಲು. ಎಷ್ಟೋ ಸಂಸಾರಗಳಲ್ಲಿ ಇದು ಮನೆಯನ್ನೋ ನಿವೇಶನವನ್ನೋ ಅಡವಿಟ್ಟು ಸಾಲ ತೆಗೆಯುವ ಮಾತು. ಹೆಸರಿನ ಮೋಹದಿಂದ ತೀರ್ಮಾನಿಸತಕ್ಕದ್ದಲ್ಲ.

ಮೊದಲು ಅಲ್ಲಿನ ಪದ್ಧತಿಯನ್ನು ತಿಳಿಯೋಣ. ಅಲ್ಲಿ ಕೆಲವು ವಿಶ್ವವಿದ್ಯಾನಿಲಯಗಳು ಖಾಸಗಿಯವು, ಕೆಲವು ಆಯಾ ರಾಜ್ಯದವು. ಖಾಸಗಿಯದೇ ಶ್ರೇಷ್ಠವೆಂದು ಭಾವಿಸಬೇಕಾಗಿಲ್ಲ. 1862ರಲ್ಲಿ ಅಧ್ಯಕ್ಷ ಲಿಂಕನ್ನರು ಸಹಿ ಹಾಕಿದ ಮಾರಿಲ್ ಶಾಸನವು, ಬೇಸಾಯವನ್ನೂ ಯಂತ್ರವಿದ್ಯೆಯನ್ನೂ ಕಲಿಸುವ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಭೂಮಿಯ ನೆರವನ್ನು ಕೊಟ್ಟಿತು. 1867ರ ಇಲಿನಾಯ್ ವಿಶ್ವವಿದ್ಯಾನಿಲಯ, 1869ರ ಪರ್ಡ್ಯೂ ಮೊದಲಾದವು ಹೀಗೆ ಬೆಳೆದವು. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗರು ಪರ್ಡ್ಯೂವಿನ ಪದವೀಧರರು.

ಎರಡನೆಯದಾಗಿ, ವಿಶ್ವವಿದ್ಯಾನಿಲಯಕ್ಕಿಂತ ವಿಭಾಗವನ್ನು ನೋಡಿರಿ. ಒಂದು ಶಾಖೆಯಲ್ಲಿ ಪ್ರಸಿದ್ಧವಾದದ್ದು ಇನ್ನೊಂದರಲ್ಲಿ ಸಾಧಾರಣವಾಗಿರಬಹುದು. ಹುಡುಗ ಕಲಿಯಬಯಸುವ ವಿಷಯದಲ್ಲಿ ಎಷ್ಟು ಮಂದಿ ಅಧ್ಯಾಪಕರಿದ್ದಾರೆ, ಈಚೆಗೆ ಏನು ಪ್ರಕಟಿಸಿದ್ದಾರೆ, ಪ್ರಯೋಗಶಾಲೆ ಹೇಗಿದೆ ಎಂಬುದನ್ನು ವಿಚಾರಿಸಬೇಕು. ಇಂಜಿನಿಯರಿಂಗ್ ಶಿಕ್ಷಣಕ್ರಮಗಳನ್ನು ಪರೀಕ್ಷಿಸಿ ಮಾನ್ಯತೆ ಕೊಡುವ ‘ಎಬೆಟ್’ ಎಂಬ ಸಂಸ್ಥೆಯೊಂದುಂಟು. ಅದರ ಮಾನ್ಯತೆ ಬಹುಮಟ್ಟಿಗೆ ಮೊದಲ ಪದವಿಗೆ ಸಂಬಂಧಿಸಿದ್ದು. ಎಂ.ಎಸ್. ತರಗತಿಗೆ ಅದಿಲ್ಲವೆಂದು ಗಾಬರಿಯಾಗಬೇಡಿ. ಇಡೀ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇದೆಯೇ ಎಂಬುದನ್ನು ಮಾತ್ರ ತಪ್ಪದೆ ನೋಡಿರಿ.

ಮೂರನೆಯದು ಪದವಿಯ ಬಗೆ. ಎಂ.ಎಸ್. ಪದವಿಯನ್ನು ಪ್ರೌಢಪ್ರಬಂಧ ಬರೆದು ಪಡೆಯಬಹುದು, ಪಾಠಗಳನ್ನಷ್ಟೇ ಮುಗಿಸಿಯೂ ಪಡೆಯಬಹುದು. ಸಂಶೋಧನೆಯತ್ತ ಒಲವುಳ್ಳವರಿಗೆ ಮೊದಲನೆಯದು ಲೇಸು. ಬೇಗ ಉದ್ಯೋಗಕ್ಕೆ ಸೇರಬಯಸುವವರಿಗೆ ಎರಡನೆಯದು ಸಾಕು. ಡಾಕ್ಟರೇಟ್ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಶುಲ್ಕ ವಿನಾಯಿತಿಯೂ ಶಿಷ್ಯವೇತನವೂ ದೊರೆಯುತ್ತವೆ, ಎಂ.ಎಸ್. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸ್ವಂತ ಹಣದಿಂದಲೇ ಓದಬೇಕು.

ಇನ್ನು ಹಣದ ಮಾತು. ವಿಶ್ವವಿದ್ಯಾನಿಲಯವು ಕಳುಹಿಸುವ ಐ-20 ಎಂಬ ಪತ್ರದಲ್ಲಿ ಖರ್ಚಿನ ಅಂದಾಜಿರುತ್ತದೆ. ಬಹುಮಟ್ಟಿಗೆ ಅದು ಒಂದು ವರ್ಷದ ಲೆಕ್ಕ. ವ್ಯಾಸಂಗವು ಎರಡು ವರ್ಷ ನಡೆದರೆ ಎರಡನೆಯ ವರ್ಷದ ಹಣ ಎಲ್ಲಿಂದ? ಅದನ್ನು ಈಗಲೇ ಬರೆದಿಟ್ಟುಕೊಳ್ಳಿ. ಶುಲ್ಕ ಕಡಿಮೆಯೆಂದು ಆರಿಸಿದ ಊರಿನಲ್ಲಿ ಮನೆ ಬಾಡಿಗೆಯೇ ಆ ಉಳಿತಾಯವನ್ನು ನುಂಗಬಹುದು. ಬಾಸ್ಟನ್ನಿನ ಬಾಡಿಗೆಯೇ ಬೇರೆ, ಇಂಡಿಯಾನಾದ ಸಣ್ಣ ಊರಿನದೇ ಬೇರೆ. ಆರೋಗ್ಯ ವಿಮೆಯನ್ನೂ ಸೇರಿಸಿರಿ. ಪಾಠಗಳು ನಡೆಯುವಾಗ ವಿದ್ಯಾರ್ಥಿಯು ಆವರಣದೊಳಗೆ ವಾರಕ್ಕೆ 20 ಗಂಟೆ ಮೀರದಂತೆ ದುಡಿಯಬಹುದು. ಆದರೆ ಸಿಕ್ಕೇ ಸಿಗುವುದೆಂಬ ಭರವಸೆಯಿಲ್ಲದ ಆ ಸಂಪಾದನೆಯನ್ನು ಜಮಾ ಕಡೆಗೆ ಬರೆಯಬೇಡಿ.

ಓದಿನ ನಂತರ? ವಿದ್ಯಾರ್ಥಿ ವೀಸಾದವರು 12 ತಿಂಗಳು ತಮ್ಮ ವಿಷಯದಲ್ಲಿ ಉದ್ಯೋಗ ಮಾಡಲು ಅನುಮತಿ ಪಡೆಯಬಹುದು. 2016ರ ನಿಯಮದಂತೆ ಇಂಜಿನಿಯರಿಂಗ್ ಪದವೀಧರರು ಇನ್ನೂ 24 ತಿಂಗಳು ಕೇಳಬಹುದು. ಇದು ಅನುಮತಿಯೇ ಹೊರತು ಉದ್ಯೋಗವಲ್ಲ, ನಿಯಮಗಳೂ ಬದಲಾಗುತ್ತಿರುತ್ತವೆ. ಆದ್ದರಿಂದ, ಮಗ ಊರಿಗೆ ಹಿಂದಿರುಗಿ ಇಲ್ಲಿನ ಸಂಬಳದಲ್ಲಿ ದುಡಿದರೂ ತೀರುವಷ್ಟೇ ಸಾಲ ಮಾಡುವುದು ವಿವೇಕ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದ ಹಿರಿಯರ ಮಾತು ಕಡಲಾಚೆಗೂ ಸಲ್ಲುತ್ತದೆ.

ಕೊನೆಯದಾಗಿ, ಅವಸರ ಬೇಡ. ಧನಸಹಾಯದ ಪತ್ರ ಬಂದವರು ಏಪ್ರಿಲ್ 15ರ ತನಕ ಉತ್ತರಿಸದೆ ಇರಬಹುದೆಂದು ಅಲ್ಲಿನ ಅನೇಕ ವಿಶ್ವವಿದ್ಯಾನಿಲಯಗಳು ಒಪ್ಪಿಕೊಂಡಿವೆ. ಅಷ್ಟರೊಳಗೆ ವಿಭಾಗ, ಪದವಿಯ ಬಗೆ, ಒಟ್ಟು ಖರ್ಚು, ಇವನ್ನು ಒಂದು ಹಾಳೆಯಲ್ಲಿ ಬರೆದು, ಮಕ್ಕಳೊಡನೆ ಕುಳಿತು ನೋಡಿರಿ. ಓದಬೇಕಾದವರು ಅವರು, ಕೊನೆಯ ಮಾತನ್ನು ಅವರಿಗೇ ಬಿಡಿರಿ.