ಹಿರೋಷಿಮಾ ರನ್‌ವೇ ಮುಚ್ಚಿದಾಗ: ಐದು ತಪ್ಪು ಕಲ್ಪನೆ, ಐದು ಸತ್ಯ

2015ರ ಏಪ್ರಿಲ್ 14, ರಾತ್ರಿ 8 ಗಂಟೆ ಆಗಷ್ಟೇ ದಾಟಿತ್ತು. ದಕ್ಷಿಣ ಕೊರಿಯಾದ ಇಂಚಿಯೋನ್‌ನಿಂದ ಬಂದ ಏಷ್ಯಾನಾ ಏರ್‌ಲೈನ್ಸ್‌ನ ಏರ್‌ಬಸ್ ಎ320 ವಿಮಾನ ಹಿರೋಷಿಮಾದಲ್ಲಿ ಇಳಿಯುವಾಗ ರನ್‌ವೇ ಸೇರುವ ಮೊದಲೇ ತೀರಾ ತಗ್ಗಿಗೆ ಬಂದುಬಿಟ್ಟಿತು. ರನ್‌ವೇ ಅಂಚಿಗಿಂತ 325 ಮೀಟರ್ ಹಿಂದೆಯೇ ಇದ್ದ ಆಂಟೆನಾ ಸಾಲಿಗೆ ಬಡಿಯಿತು. ಆಂಟೆನಾದ ಎತ್ತರ ಸುಮಾರು 6 ಮೀಟರ್ ಅಷ್ಟೇ. ಅಲ್ಲಿಂದ ರನ್‌ವೇ ಮೇಲೆ ಜಾರುತ್ತ ಹೋದ ವಿಮಾನ, ಬಂದ ದಿಕ್ಕಿಗೇ ಮೂತಿ ತಿರುಗಿಸಿ ಪಕ್ಕಕ್ಕೆ ನಿಂತಿತು. ಬೆಂಕಿ ಹತ್ತಲಿಲ್ಲ. ಒಳಗಿದ್ದ 81 ಮಂದಿಯೂ ಬದುಕಿದರು. 28 ಮಂದಿಗೆ ಸಣ್ಣಪುಟ್ಟ ಗಾಯಗಳಾದವು. ನಿಲ್ದಾಣ ಮತ್ತೆ ತೆರೆದದ್ದು ಏಪ್ರಿಲ್ 17ಕ್ಕೆ. ಇಂಥ ಸುದ್ದಿ ಬಂದಾಗಲೆಲ್ಲ ಕೇಳಿಬರುವ ಕೆಲವು ಮಾತುಗಳನ್ನು ಈ ಪ್ರಕರಣದ ಜೊತೆಗಿಟ್ಟು ನೋಡೋಣ.

ತಪ್ಪು ಕಲ್ಪನೆ 1: ಕ್ರೇನ್ ತಂದು ವಿಮಾನ ಸರಿಸಿದರೆ ಒಂದೆರಡು ಗಂಟೆಯಲ್ಲಿ ರನ್‌ವೇ ತೆರೆಯಬಹುದು.

ಸತ್ಯ: ಅಪಘಾತದ ಜಾಗ ತನಿಖೆ ಮಾಡುವವರ ಪಾಲಿಗೆ ಸಾಕ್ಷ್ಯ. ಜಪಾನ್ ಸಾರಿಗೆ ಸುರಕ್ಷತಾ ಮಂಡಳಿಯವರು ಬಂದು ಚಕ್ರದ ಗುರುತು, ಚೂರುಗಳು ಬಿದ್ದ ಜಾಗ ಎಲ್ಲವನ್ನೂ ದಾಖಲಿಸುವ ತನಕ ಏನನ್ನೂ ಮನಬಂದಂತೆ ಕದಲಿಸುವಂತಿಲ್ಲ. ಆಮೇಲೂ ಡಾಂಬರಿನ ಮೇಲೆ ಒಂದು ಲೋಹದ ಚೂರೂ ಉಳಿಯಕೂಡದು. ಎಂಜಿನ್ ಅದನ್ನು ಒಳಗೆಳೆದುಕೊಂಡರೆ ಮತ್ತೊಂದು ಅನಾಹುತ. ವಿಮಾನ ರನ್‌ವೇ ಬಿಟ್ಟು ಪಕ್ಕದಲ್ಲಿ ನಿಂತಿದ್ದರೂ ಅಡ್ಡಿಯೇ, ಏಕೆಂದರೆ ರನ್‌ವೇಯ ಎರಡೂ ಬದಿಯ ಪಟ್ಟಿ ಖಾಲಿ ಇರಬೇಕೆಂಬುದು ನಿಯಮ. ಹಿರೋಷಿಮಾಕ್ಕೆ ಇರುವುದು ಒಂದೇ ರನ್‌ವೇ, ಅದು ಮುಚ್ಚಿದರೆ ನಿಲ್ದಾಣವೇ ಮುಚ್ಚಿದಂತೆ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಒಂದು ರನ್‌ವೇ ಮೇಲೆ ಎರಡು ವಿಮಾನಗಳು ಡಿಕ್ಕಿಯಾದಾಗ ಆ ರನ್‌ವೇ ಜನವರಿ 8ರವರೆಗೆ ಮುಚ್ಚಿತ್ತು. ಉಳಿದ ಮೂರು ರನ್‌ವೇ ಇದ್ದುದರಿಂದ ನಿಲ್ದಾಣ ಹೇಗೋ ನಡೆಯಿತು.

ತಪ್ಪು ಕಲ್ಪನೆ 2: ರನ್‌ವೇ ತೆರೆಯಿತೆಂದರೆ ಎಲ್ಲವೂ ಮೊದಲಿನಂತೆ.

ಸತ್ಯ: ಮುರಿದ ಆಂಟೆನಾ ಯಾವುದು ಎಂಬುದರಲ್ಲೇ ಉತ್ತರವಿದೆ. ಅದು ಎದುರು ದಿಕ್ಕಿನಿಂದ, ಅಂದರೆ ಪಶ್ಚಿಮದಿಂದ, ಇಳಿಯುವ ವಿಮಾನಗಳಿಗೆ ರನ್‌ವೇಯ ನಡುಗೆರೆ ತೋರಿಸುವ ಲೋಕಲೈಜರ್. ಐಎಲ್‌ಎಸ್ ಎಂಬ ಇಳಿಯುವಿಕೆ ವ್ಯವಸ್ಥೆಯ ಮುಖ್ಯ ಭಾಗವೇ ಅದು. ನಿಲ್ದಾಣ ಇರುವುದು ಸಮುದ್ರಮಟ್ಟದಿಂದ ಸುಮಾರು 330 ಮೀಟರ್ ಎತ್ತರದ ಗುಡ್ಡದ ಮೇಲೆ. ಅಲ್ಲಿ ಮಂಜಿನ ಕಾಟ ಇದ್ದುದರಿಂದಲೇ ಅತ್ಯುನ್ನತ ದರ್ಜೆಯ ಐಎಲ್‌ಎಸ್ ಕೂರಿಸಲಾಗಿತ್ತು. ಅದು ಕೈಕೊಟ್ಟ ಮೇಲೆ, ಮೋಡ ಇಳಿದ ದಿನ ರನ್‌ವೇ ತೆರೆದಿದ್ದರೂ ವಿಮಾನ ಇಳಿಸುವುದು ಕಷ್ಟ. ಜೊತೆಗೆ, ಟೋಕಿಯೊದಿಂದ ಬರಬೇಕಾದ ವಿಮಾನ ಬಾರದಿದ್ದರೆ ಅದೇ ವಿಮಾನದಲ್ಲಿ ವಾಪಸು ಹೊರಡಬೇಕಾದವರೂ ಕಾಯುತ್ತ ಕೂರಬೇಕು.

ತಪ್ಪು ಕಲ್ಪನೆ 3: ವಿಮಾನ ನಿಲ್ದಾಣ ಮುಚ್ಚಿದರೆ ಹಿರೋಷಿಮಾ ತಲುಪುವಂತೆಯೇ ಇಲ್ಲ.

ಸತ್ಯ: 1993ರಲ್ಲಿ ಶುರುವಾದ ಈ ನಿಲ್ದಾಣ ಇರುವುದು ಹಿರೋಷಿಮಾ ನಗರದಲ್ಲಲ್ಲ, ಸುಮಾರು 50 ಕಿಲೋಮೀಟರ್ ಪೂರ್ವಕ್ಕೆ, ಮಿಹಾರಾ ನಗರದ ವ್ಯಾಪ್ತಿಯಲ್ಲಿ. ಒಸಾಕಾ, ಫುಕುಓಕಾಗಳಿಂದ ಶಿಂಕಾನ್‌ಸೆನ್ ರೈಲು ನೇರವಾಗಿ ಊರೊಳಗೇ ತಂದು ಬಿಡುತ್ತದೆ. ಪಶ್ಚಿಮಕ್ಕೆ ಇವಾಕುನಿ ನಿಲ್ದಾಣವೂ ಇದೆ. 2012ರ ಡಿಸೆಂಬರ್‌ನಿಂದ ಅಲ್ಲಿ ನಾಗರಿಕ ವಿಮಾನಗಳು ಮತ್ತೆ ಓಡಾಡುತ್ತಿವೆ. ಬೆಂಗಳೂರಿನಿಂದ ಶಾಂತಿ ಸ್ಮಾರಕ ನೋಡಲು ಹೊರಟವರು ಒಸಾಕಾದಲ್ಲಿ ಇಳಿದು ರೈಲು ಹಿಡಿಯುವ ದಾರಿಯನ್ನು ಮೊದಲೇ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ತಪ್ಪು ಕಲ್ಪನೆ 4: ವಿಮಾನ ರದ್ದಾದರೆ ಕಂಪನಿ ಪರಿಹಾರ ಕೊಡಲೇಬೇಕು.

ಸತ್ಯ: ಟಿಕೆಟ್ ಹಣ ವಾಪಸಾಗುವುದು ಬೇರೆ, ಪರಿಹಾರ ಬೇರೆ. ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ ವಿಮಾನ ರದ್ದಾದರೆ ಹಣ ಮರಳಿ ಪಡೆಯಬಹುದು, ಇಲ್ಲವೇ ಬೇರೆ ವಿಮಾನ ಕೇಳಬಹುದು. ಕಾರಣ ಕಂಪನಿಯ ಕೈಮೀರಿದ್ದಾದರೆ ಅದರ ಮೇಲೆ ಪರಿಹಾರ ಸಿಗುವುದಿಲ್ಲ. ವಿದೇಶಗಳಲ್ಲಿ ನಿಯಮ ಬೇರೆಬೇರೆ. ಹೋಟೆಲ್, ರೈಲಿನ ಖರ್ಚಿಗೆ ಪ್ರಯಾಣ ವಿಮೆ ನೆರವಾಗಬಹುದು. ಷರತ್ತುಗಳನ್ನು ಹೊರಡುವ ಮೊದಲೇ ಓದಿರಬೇಕು.

ತಪ್ಪು ಕಲ್ಪನೆ 5: ಅಪಘಾತಕ್ಕೆ ಮಂಜೇ ಕಾರಣ, ಜಾಣ ಪೈಲಟ್ ಆದರೆ ಹೇಗಾದರೂ ಇಳಿಸುತ್ತಾನೆ.

ಸತ್ಯ: ಮಂಜು ಇದ್ದದ್ದು ನಿಜ. ಆದರೆ 2016ರ ನವೆಂಬರ್‌ನಲ್ಲಿ ಬಂದ ತನಿಖಾ ವರದಿ ಬೊಟ್ಟುಮಾಡಿದ್ದು ಒಂದು ನಿರ್ಧಾರದ ಕಡೆಗೆ. ನಿಗದಿತ ಎತ್ತರಕ್ಕಿಂತ ಕೆಳಗಿಳಿದ ಮೇಲೆ ರನ್‌ವೇ ಗುರುತು ಕಾಣದಿದ್ದರೆ ಕೂಡಲೇ ಮೇಲೇರಬೇಕು. ಇದಕ್ಕೆ ‘ಗೋ ಅರೌಂಡ್’ ಎನ್ನುತ್ತಾರೆ. ಕ್ಯಾಪ್ಟನ್ ಇಳಿಯುವುದನ್ನು ಮುಂದುವರಿಸಿದರು. ಸಹಪೈಲಟ್ ಕೂಡ ತಕ್ಷಣ ‘ಗೋ ಅರೌಂಡ್’ ಎಂದು ಕೂಗಲಿಲ್ಲ. ಮೇಲೇರಲು ಹೊರಟಾಗ ಹೊತ್ತು ಮೀರಿತ್ತು.

2010ರ ಮೇ 22ರಂದು ನಮ್ಮ ಮಂಗಳೂರಿನಲ್ಲಿ ಇಳಿಯುವಾಗ ಅಪಘಾತಕ್ಕೀಡಾದ ವಿಮಾನದ ಸಹಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದಿದ್ದರು. ಕ್ಯಾಪ್ಟನ್ ಕಿವಿಗೊಡಲಿಲ್ಲ, 158 ಜೀವ ಹೋಯಿತು. ಒಂದು ಕಡೆ ಮಾತು ಸಮಯಕ್ಕೆ ಬರಲಿಲ್ಲ, ಇನ್ನೊಂದು ಕಡೆ ಬಂದ ಮಾತು ನಡೆಯಲಿಲ್ಲ. ಇಳಿಯಲು ಬಂದ ವಿಮಾನ ಮತ್ತೆ ಮೇಲೇರಿದರೆ ಅದು ಪೈಲಟ್‌ನ ಸೋಲಲ್ಲ, ಅವರ ಕೆಲಸದ ಭಾಗ. ಆ ಹೊತ್ತಿನಲ್ಲಿ ತಡವಾಯಿತೆಂದು ಗೊಣಗುವುದರಲ್ಲಿ ಅರ್ಥವಿಲ್ಲ.